ಇಂಗ್ಲಿಷ್ ಪೀರಿಯಡ್ಡಿಗೆ ನಾಟಕ ಬರಲಿ, ನಮ್ಮ ಮಕ್ಕಳ ಬಾಯಿ ಬಿಚ್ಚಲಿ



ಇದು ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಸರ್ಕಾರಿ ಶಾಲೇಲಿ ಪಾಠ ಮಾಡೋ ನಮ್ಮ ಮೇಷ್ಟ್ರುಗಳು, ಟೀಚರಮ್ಮಂದಿರು, ಹಾಸ್ಟೆಲ್ ವಾರ್ಡನ್‌ಗಳು, ಸಂಜೆ ಹೊತ್ತು ಅಂಬೇಡ್ಕರ್ ಭವನದಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಟ್ಯೂಷನ್ ಹೇಳೋ ನಮ್ಮ ಹುಡುಗ ಹುಡುಗಿಯರು ಕೊನೇತನಕ ಓದಬೇಕು ಅಂತ ಕೇಳ್ಕೊತೀನಿ.

ಇಂಗ್ಲಿಷ್ ಬೇಕಾ ಬೇಡವಾ ಅನ್ನೋ ಜಗಳ ನಮ್ಮ ಮಟ್ಟಿಗೆ ಯಾವತ್ತೋ ಮುಗಿದಿದೆ. ಅವ್ವ ಸಾವಿತ್ರಿಬಾಯಿ ಫುಲೆ 1854ರಲ್ಲಿ ತಂದ 'ಕಾವ್ಯಫುಲೆ' ಸಂಕಲನದಲ್ಲೇ ಇಂಗ್ಲಿಷನ್ನ ತಾಯಿ ಅಂತ ಕರೆದು ಪದ್ಯ ಬರೆದಿದ್ದಾರೆ. 2010ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಅನ್ನೋ ಹಳ್ಳೀಲಿ ಇಂಗ್ಲಿಷ್ ದೇವಿಗೆ ಒಂದು ಗುಡೀನೇ ಕಟ್ಟೋಕೆ ಹೊರಟಿದ್ದರು. ಅದರ ಹಿಂದೆ ಇದ್ದವರು ಚಿಂತಕ ಚಂದ್ರಭಾನ್ ಪ್ರಸಾದ್. ಗುಡಿ ಕಟ್ಟೋದನ್ನ ಒಪ್ಪೋದು ಬಿಡೋದು ಬೇರೆ ಮಾತು. ಆದ್ರೆ ಅದರ ಹಿಂದಿನ ಹಸಿವು ಎಂಥದ್ದು ಅಂತ ನಮಗ್ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಾನು ಇವತ್ತು ಎತ್ತುತ್ತಿರೋ ಪ್ರಶ್ನೆ ಬೇರೆ. ಇಂಗ್ಲಿಷ್ ಕೊಡ್ತೀವಿ ಅಂದ್ರಲ್ಲ, ಎಂಥ ಇಂಗ್ಲಿಷ್ ಕೊಟ್ಟಿರಿ? ಹೇಗೆ ಕೊಟ್ಟಿರಿ?

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗಿದ್ದು 2007-08ರಲ್ಲಿ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ನಾವೆಲ್ಲ ಸ್ವಾಗತ ಮಾಡಿದ್ವಿ, ಈಗಲೂ ಮಾಡ್ತೀವಿ. ಲೆಕ್ಕ ಹಾಕಿ ನೋಡಿ, ಇವತ್ತು ಎಸ್‌ಎಸ್‌ಎಲ್‌ಸಿ ಬರೆಯೋ ಮಗು ಹತ್ತು ವರ್ಷ ಇಂಗ್ಲಿಷ್ ಕಲಿತಿರುತ್ತೆ. ಹತ್ತು ವರ್ಷ ಅಂದ್ರೆ ಕಮ್ಮಿ ಕಾಲ ಅಲ್ಲ. ಹತ್ತು ವರ್ಷ ಗಾರೆ ಕೆಲಸ ಮಾಡಿದೋನು ಮೇಸ್ತ್ರಿ ಆಗಿರ್ತಾನೆ.

ನಾನು ಆಗಾಗ ಹೋಗೋ ಒಂದು ಹಾಸ್ಟೆಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗರ ನೋಟ್ಸು ನೋಡ್ತಿರ್ತೀನಿ. ಕೈಬರಹ ಮುತ್ತು ಪೋಣಿಸಿದ ಹಾಗೆ ಇರುತ್ತೆ. 'ಮೈ ಆಂಬಿಷನ್' ಅಂತ ಒಂದೂವರೆ ಪುಟದ ಪ್ರಬಂಧ, ತಪ್ಪೇ ಇಲ್ಲ. ಎಲ್ಲರ ನೋಟ್ಸಲ್ಲೂ ಅದೇ ಪ್ರಬಂಧ, ಎಲ್ಲರೂ ಡಾಕ್ಟರೇ ಆಗ್ತಾರೆ. ಅದೇ ಹುಡುಗನ್ನ ಎದ್ದು ನಿಲ್ಲಿಸಿ 'ವಾಟ್ ಡು ಯು ವಾಂಟ್ ಟು ಬಿಕಮ್' ಅಂತ ಕೇಳಿದ್ರೆ ಕತ್ತು ಬಗ್ಗಿಸಿ ಕಾಲುಬೆರಳು ನೋಡ್ತಾನೆ. ಪಾಪ, ಅವನಿಗೆ ಲಾರಿ ಮೆಕ್ಯಾನಿಕ್ ಆಗೋ ಆಸೆ ಇರುತ್ತೆ, ಆ ಆಸೆಗೆ ಅವನ ನೋಟ್ಸಲ್ಲಿ ಒಂದು ವಾಕ್ಯ ಇರಲ್ಲ.

ಇದಕ್ಕೆ ಆ ಹುಡುಗನ ದಡ್ಡತನ ಕಾರಣ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಅವನ ಬಾಯಿ ಮುಚ್ಚಿಸಿದ್ದು ಇಂಗ್ಲಿಷ್ ಪೀರಿಯಡ್ಡಿಗಿಂತ ಎಷ್ಟೋ ಮುಂಚೆ.

ನಮ್ಮ ಕೇರಿಯ ಮಗು ಒಂದನೇ ಕ್ಲಾಸಿಗೆ ಹೋಗಿ 'ಆಲು' ಅನ್ನುತ್ತೆ. 'ಆಲು ಅಲ್ಲ ಕಣೋ, ಹಾಲು' ಅಂತ ಇಡೀ ಕ್ಲಾಸು ನಗುತ್ತೆ. 'ಅಸು', 'ಊವು', 'ಅಳ್ಳಿ' ಅಂದ್ರೆ ಮತ್ತೆ ನಗು. ಅವ್ವ ಅಪ್ಪ ಅಜ್ಜಿ ಆಡೋ ಕನ್ನಡವೇ ತಪ್ಪು ಅಂತ ಮೊದಲ ವಾರವೇ ಗೊತ್ತಾಗಿಬಿಡುತ್ತೆ. ಆವತ್ತಿಂದ ಆ ಮಗು ಒಂದು ಪಾಠ ಗಟ್ಟಿಯಾಗಿ ಕಲಿಯುತ್ತೆ: ಬಾಯಿ ಬಿಟ್ರೆ ಜಾತಿ ಗೊತ್ತಾಗುತ್ತೆ, ಸುಮ್ಮನೆ ಇದ್ರೆ ಮರ್ಯಾದೆ ಉಳಿಯುತ್ತೆ. ತನ್ನ ಕನ್ನಡಕ್ಕೇ ಹೆದರೋ ಮಗು ಇಂಗ್ಲಿಷಲ್ಲಿ ಬಾಯಿ ಬಿಡಬೇಕು ಅಂದ್ರೆ ಹೇಗೆ ಬಿಡುತ್ತೆ ಹೇಳಿ. ಇದಕ್ಕೆ ಗ್ರಾಮರ್ ಪುಸ್ತಕದಲ್ಲಿ ಔಷಧಿ ಇಲ್ಲ.

ಇನ್ನೊಂದು ಲೆಕ್ಕ ಇದೆ. ಒಂದು ಪೀರಿಯಡ್ಡು 40 ನಿಮಿಷ ಅಂತ ಇಟ್ಕೊಳ್ಳಿ, ಕ್ಲಾಸಲ್ಲಿ 40 ಮಕ್ಕಳು. ಮೇಷ್ಟ್ರು ವಿವರಿಸೋದು, ಬೋರ್ಡ್ ಮೇಲೆ ಬರೆಯೋದು 25 ನಿಮಿಷ. ಉಳಿದ 15 ನಿಮಿಷ ಒಬ್ಬೊಬ್ಬರನ್ನೇ ಮಾತಾಡಿಸಿದ್ರೂ ಒಂದು ಮಗುವಿಗೆ ಸಿಗೋದು 22 ಸೆಕೆಂಡು. ಆ 22 ಸೆಕೆಂಡೂ ಮುಂದಿನ ಬೆಂಚಿನವರ ಪಾಲಾಗುತ್ತೆ. ಮುಂದಿನ ಬೆಂಚಲ್ಲಿ ಯಾರು ಕೂತಿರ್ತಾರೆ, ಹಿಂದಿನ ಬೆಂಚಲ್ಲಿ ಯಾರು ಕೂತಿರ್ತಾರೆ ಅಂತ ನಾನು ಹೇಳಬೇಕಾ?

ಈಗ ಅದೇ 40 ಮಕ್ಕಳನ್ನ ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿ. ಒಬ್ಬರು ಬಸ್ ಕಂಡಕ್ಟರು, ಇನ್ನೊಬ್ಬರು ಪ್ಯಾಸೆಂಜರು. ಚಿಲ್ಲರೆ ಕೊಟ್ಟಿಲ್ಲ. ಇಂಗ್ಲಿಷಲ್ಲಿ ಜಗಳ ಆಡಿ, ಹತ್ತು ನಿಮಿಷ ಟೈಮು. ಇಪ್ಪತ್ತು ಜಗಳ ಒಟ್ಟಿಗೇ ಶುರುವಾಗುತ್ತೆ. ಪ್ರತಿ ಮಗುವಿಗೂ ಐದು ನಿಮಿಷ ಮಾತಾಡೋ ಅವಕಾಶ. 22 ಸೆಕೆಂಡು ಎಲ್ಲಿ, ಐದು ನಿಮಿಷ ಎಲ್ಲಿ! ಗಲಾಟೆ ಆಗುತ್ತೆ, ನಿಜ. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕ್ತಾರೆ. ಇಣುಕಲಿ ಬಿಡಿ. ಇಷ್ಟು ದಿನ ಇದ್ದದ್ದು ಶಿಸ್ತು ಅಂದ್ಕೊಂಡಿದ್ದೀವಿ, ಅದು ಮೌನ ಅಷ್ಟೇ.

ನಾನು ನಾಟಕ ಅನ್ನೋದು ಇದನ್ನ. ಬಣ್ಣ ಹಚ್ಚಿ, ಬಾಡಿಗೆ ಡ್ರೆಸ್ ತಂದು, ವಾರ್ಷಿಕೋತ್ಸವದ ದಿನ ಮೈಕ್ ಮುಂದೆ ನಿಂತು ಗಿಳಿಪಾಠ ಒಪ್ಪಿಸೋದು ನನ್ನ ತಲೇಲಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಇಂಗ್ಲಿಷ್ ಕಂಠಪಾಠ ಇದೆ, ಛದ್ಮವೇಷ ಇದೆ. ಅದಕ್ಕೆ ಶಾಲೆಯಿಂದ ಒಂದೋ ಎರಡೋ ಮಕ್ಕಳು ಹೋಗ್ತವೆ, ಉಳಿದವು ಚಪ್ಪಾಳೆ ತಟ್ಟುತ್ತವೆ. ನಾನು ಹೇಳ್ತಿರೋ ನಾಟಕಕ್ಕೆ ಪ್ರೇಕ್ಷಕರೇ ಇಲ್ಲ. ಎಲ್ಲರೂ ಪಾರ್ಟು ಹಾಕೋರೇ.

ನಾಟಕದಿಂದ ಭಾಷೆ ಕಲಿಯೋದು ಯಾವುದೋ ವಿದೇಶದ ಹೊಸ ಐಡಿಯಾ ಅಂದ್ಕೋಬೇಡಿ. ತುಮಕೂರು, ಮಂಡ್ಯ, ರಾಮನಗರ ಕಡೆಯವರಿಗೆ ಗೊತ್ತು, ಹಳ್ಳೀಲಿ 'ಕುರುಕ್ಷೇತ್ರ' ನಾಟಕ ಕಟ್ಟಬೇಕಾದ್ರೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ಮಾಡಿಸ್ತಾರೆ. ನಮ್ಮ ಕೇರಿಗಳಲ್ಲಿ ಹೆಬ್ಬೆಟ್ಟು ಒತ್ತೋ ದೊಡ್ಡಪ್ಪಂದಿರು ದುರ್ಯೋಧನನ ಪಾರ್ಟು ಹಾಕಿ, ಗದೆ ಹೆಗಲ ಮೇಲಿಟ್ಟು, ಪುಟಗಟ್ಟಲೆ ಗ್ರಾಂಥಿಕ ಕನ್ನಡವನ್ನ ಒಂದಕ್ಷರ ತಪ್ಪದೆ ಆಡಿದ್ದನ್ನ ನೀವೂ ನೋಡಿರ್ತೀರಿ. ಅದೇನು ಅವರ ಮನೆ ಭಾಷೆಯಾ? ಅಲ್ಲ. ಶಾಲೇಲಿ ಕಲಿತ್ರಾ? ಇಲ್ಲ. ಬಾಯಿಂದ ಬಾಯಿಗೆ, ಮಟ್ಟಿನ ಜೊತೆ, ಹೆಜ್ಜೆ ಜೊತೆ, ಸಿಟ್ಟಿನ ಜೊತೆ ಕಲಿತರು. ಮೈಗೆ ಹತ್ತಿದ ಮಾತು ಮರೆಯಲ್ಲ. ಆ ರಾತ್ರಿಯಾದ್ರೂ ಯಾರೂ ಅವರ 'ಹ'ಕಾರ 'ಅ'ಕಾರ ಹಿಡಿದು ನಗಲಿಲ್ಲ, ಯಾಕಂದ್ರೆ ಅಲ್ಲಿ ನಿಂತಿದ್ದು ದುರ್ಯೋಧನ.

ಪಾತ್ರ ಮಾಡೋ ಕೆಲಸ ಇದೇ. ತಪ್ಪಾದ್ರೆ ಅದು ಕಂಡಕ್ಟರಿನ ತಪ್ಪು, ನನ್ನದಲ್ಲ. ಆ ಒಂದು ತೆಳು ಪರದೆ ಸಾಕು, ಮಗು ಬಾಯಿ ಬಿಡುತ್ತೆ.

ಇದನ್ನ ದೊಡ್ಡದಾಗಿ ಮಾಡಿ ತೋರಿಸಿದವರ ಹೆಸರೂ ನಮ್ಮ ಕಾರ್ಯಕರ್ತರಿಗೆ ಗೊತ್ತಿರಬೇಕು. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಅಂತ ಒಬ್ಬರು. ಹದಿನಾಲ್ಕನೇ ವಯಸ್ಸಿಗೇ ಶಾಲೆ ಬಿಟ್ಟು ಯಾರ್ಕ್‌ಶೈರಿನ ಉಣ್ಣೆ ಮಿಲ್ಲಿನಲ್ಲಿ ದುಡಿದ ಹೆಣ್ಣುಮಗಳು. ಮುಂದೆ ಶಾಲೆಯೊಳಗಿನ ನಾಟಕ ಶಿಕ್ಷಣಕ್ಕೆ ಜಗತ್ತಿಗೇ ದಾರಿ ತೋರಿಸಿದ ಗುರು ಆದರು. ಮೇಷ್ಟ್ರೂ ಒಂದು ಪಾತ್ರ ಹಾಕ್ಕೊಂಡು ಮಕ್ಕಳ ಜೊತೆ ನಾಟಕದೊಳಗೆ ಇಳೀಬೇಕು ಅನ್ನೋದು ಅವರ ಪದ್ಧತಿ. ಮೇಷ್ಟ್ರು ಏನೂ ಗೊತ್ತಿಲ್ಲದ ಹೊಸಬನ ಪಾತ್ರ ಮಾಡಿದ್ರೆ, ಹೇಳಿಕೊಡೋ ಜವಾಬ್ದಾರಿ ಮಕ್ಕಳದ್ದಾಗುತ್ತೆ.

ಇನ್ನೊಬ್ಬರು ಬ್ರೆಜಿಲಿನ ಆಗಸ್ಟೊ ಬೋಲ್. ದಮನಿತರ ಶಿಕ್ಷಣದ ಬಗ್ಗೆ ಬರೆದ ಪಾವ್ಲೊ ಫ್ರೇರೆಯ ವಿಚಾರಗಳನ್ನ ರಂಗಭೂಮಿಗೆ ತಂದವರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಬಡವರ ಜೊತೆ ನಾಟಕ ಕಟ್ಟುತ್ತಲೇ ಅಕ್ಷರ ಕಲಿಸೋ ಕೆಲಸ ಮಾಡಿದರು. ಅವರ ನಾಟಕದಲ್ಲಿ ನೋಡೋನು 'ನಿಲ್ಲಿಸಿ' ಅಂತ ಕೂಗಿ, ಎದ್ದು ಬಂದು, ಪಾತ್ರಧಾರಿಯ ಜಾಗದಲ್ಲಿ ನಿಂತು ಕಥೆಯನ್ನೇ ಬದಲಾಯಿಸಬಹುದು.

ಇವರಿಬ್ಬರಿಗಿಂತ ಎಷ್ಟೋ ಮುಂಚೆ, 1855ರಲ್ಲಿ, ಜೋತಿಬಾ ಫುಲೆ 'ತೃತೀಯ ರತ್ನ' ಅಂತ ನಾಟಕ ಬರೆದಿದ್ದರು. ಪುರೋಹಿತ ಒಬ್ಬ ಬಡ ರೈತ ದಂಪತಿಯನ್ನ ಸುಲಿಯೋ ಕಥೆ. ಕೊನೆಗೆ ಆ ಗಂಡ ಹೆಂಡತಿ ರಾತ್ರಿ ಶಾಲೆಗೆ ಹೋಗೋ ತೀರ್ಮಾನ ಮಾಡ್ತಾರೆ. ದಕ್ಷಿಣಾ ಪ್ರೈಜ್ ಕಮಿಟಿಗೆ ಕೊಟ್ಟರೆ ಅವರು ತಿರಸ್ಕರಿಸಿದರು. ನಾಟಕ ಮತ್ತು ಶಾಲೆ ನಮ್ಮ ಚಳವಳಿಯಲ್ಲಿ ಹುಟ್ಟಿನಿಂದಲೇ ಜೊತೆಗಿದ್ದವು. ಮುಂದೆ ಮಹಾರಾಷ್ಟ್ರದ ಅಂಬೇಡ್ಕರಿ ಜಲ್ಸಾಗಳು ಬಂದವು. ನಮ್ಮಲ್ಲಿ ಸಿದ್ದಲಿಂಗಯ್ಯನವರು 'ಪಂಚಮ', 'ನೆಲಸಮ', 'ಏಕಲವ್ಯ' ಬರೆದರು. ಆ ಪರಂಪರೆಯನ್ನ ಬೀದಿಯಲ್ಲಿ ಉಳಿಸಿಕೊಂಡು ಕ್ಲಾಸ್‌ರೂಮಿನಲ್ಲಿ ಬಿಟ್ಟುಕೊಟ್ಟಿದ್ದೀವಿ.

ಸರಿ, ಕ್ಲಾಸಲ್ಲಿ ಏನು ಮಾಡಬಹುದು? ಖರ್ಚಿಲ್ಲದ್ದು ಹೇಳ್ತೀನಿ.

ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಮಕ್ಕಳು ವರ್ಷಗಳಿಂದ ಓದ್ತಾ ಬಂದಿರೋ 'ದಿ ಡಿಸ್ಕವರಿ' ಅನ್ನೋ ನಾಟಕವನ್ನೇ ತಗೊಳ್ಳಿ. ಕೊಲಂಬಸ್ಸಿನ ಹಡಗು. ಎಷ್ಟು ದಿನ ಆದ್ರೂ ನೆಲ ಕಾಣ್ತಿಲ್ಲ ಅಂತ ನಾವಿಕರು ರೊಚ್ಚಿಗೇಳ್ತಾರೆ. ಕೊಲಂಬಸ್ ಪಟ್ಟು ಬಿಡಲ್ಲ. ನಾಟಕ ಅಂತ ಪುಸ್ತಕದಲ್ಲೇ ಇದ್ರೂ ಎಷ್ಟು ಶಾಲೇಲಿ ಅದನ್ನ ಆಡಿಸಿದ್ದಾರೆ? ಬೋರ್ಡ್ ಮೇಲೆ ಸಾರಾಂಶ, ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ಮುಗೀತು. ಈಜು ಬಗ್ಗೆ ನೋಟ್ಸು ಕೊಟ್ಟಂಗೆ.

ಬೆಂಚುಗಳನ್ನ ಸರಿಸಿ ಹಡಗು ಮಾಡಿ. ಮೊದಲು ಮಾತಿಲ್ಲದೆ ಒಂದು ಸ್ತಬ್ಧಚಿತ್ರ: ನೀರು ಮುಗಿದಿದೆ, ಹೊಟ್ಟೆ ಹಸಿದಿದೆ, ಹೇಗೆ ನಿಲ್ತೀರಿ? ಎಲ್ಲರೂ ಕಲ್ಲಿನಂತೆ ನಿಲ್ಲಲಿ. ಮೇಷ್ಟ್ರು ಒಬ್ಬೊಬ್ಬರ ಭುಜ ಮುಟ್ಟಿದಾಗ ಆ ಮಗು ಒಂದೇ ಒಂದು ವಾಕ್ಯ ಹೇಳಬೇಕು. 'ಐ ಯಾಮ್ ಹಂಗ್ರಿ.' 'ಐ ವಾಂಟ್ ಟು ಗೋ ಹೋಮ್.' 'ಐ ಡೋಂಟ್ ಬಿಲೀವ್ ಯು.' ಮೂರೇ ಪದ ಆದ್ರೂ ಸೈ. ಅದು ಅದರದ್ದೇ ವಾಕ್ಯ, ಗೈಡಿನದ್ದಲ್ಲ.

ಆಮೇಲೆ ಮುಂದಿನ ಸೀನು ಮಕ್ಕಳೇ ಕಟ್ಟಲಿ. ಹಡಗು ದಡ ಸೇರ್ತು. ಅಲ್ಲಿ ಮೊದಲಿಂದ ಬದುಕ್ತಿದ್ದ ತೈನೋ ಜನ ಇದ್ದಾರೆ. ಪುಸ್ತಕದಲ್ಲಿ ಅವರಿಗೆ ಒಂದು ಮಾತೂ ಇಲ್ಲ. ನಮ್ಮ ಮಕ್ಕಳು ಅವರಿಗೆ ಮಾತು ಕೊಡಲಿ. 'ಹೂ ಆರ್ ಯು?' 'ವೈ ಡಿಡ್ ಯು ಕಮ್ ಹಿಯರ್?' 'ದಿಸ್ ಈಸ್ ಅವರ್ ಲ್ಯಾಂಡ್.' ಊರವರು ಬಂದು 'ಇದು ನಮ್ಮ ಜಾಗ' ಅಂದಾಗ ಏನಾಗುತ್ತೆ ಅಂತ ಕೇರಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅವಕ್ಕೆ ಬೇಕಿರೋದು ಅದನ್ನ ಹೇಳೋಕೆ ಬೇಕಾದ ಇಂಗ್ಲಿಷ್ ಮಾತ್ರ.

ಇನ್ನೊಂದು ಆಟಕ್ಕೆ ಹಾಟ್ ಸೀಟ್ ಅಂತಾರೆ. ಒಂದು ಕುರ್ಚಿ ಇಡಿ. ಒಂದು ಮಗು ಬಾಬಾಸಾಹೇಬರಾಗಿ ಕೂರಲಿ. ಉಳಿದವರು ಪತ್ರಕರ್ತರು. 'ಸರ್, ವೈ ಡಿಡ್ ಯು ರಿಸೈನ್ ಇನ್ 1951?' 'ವಾಟ್ ಡಿಡ್ ಯು ಸ್ಟಡಿ ಇನ್ ಕೊಲಂಬಿಯಾ?' 'ಹೌ ಡಿಡ್ ದಿ ಟೀಚರ್ಸ್ ಟ್ರೀಟ್ ಯು?' ಇಂಗ್ಲಿಷಲ್ಲಿ ಪ್ರಶ್ನೆ ಕೇಳೋದು ಉತ್ತರ ಹೇಳೋದಕ್ಕಿಂತ ಕಷ್ಟ. ಆ 'ಡು', 'ಡಿಡ್' ಎಲ್ಲಿ ಹಾಕಬೇಕು ಅಂತ ಡಿಗ್ರಿ ಓದಿದವರಿಗೂ ತಡವರಿಕೆ. ಯಾಕಂದ್ರೆ ನಮ್ಮ ಕ್ಲಾಸುಗಳಲ್ಲಿ ಪ್ರಶ್ನೆ ಕೇಳೋ ಹಕ್ಕು ಮೇಷ್ಟ್ರಿಗೆ ಮಾತ್ರ, ಮಕ್ಕಳದ್ದು ಬರೀ ಉತ್ತರ. ಕುರ್ಚಿ ಆಟದಲ್ಲಿ ಪ್ರಶ್ನೆ ಮಕ್ಕಳ ಪಾಲಿಗೆ ಬರುತ್ತೆ. ಕುರ್ಚಿ ಮೇಲೆ ಕೂತ ಮಗು ಹಿಂದಿನ ದಿನವೇ ಓದ್ಕೊಂಡು ಬಂದಿರಬೇಕು, ಇಲ್ದಿದ್ರೆ ಉತ್ತರ ಸಿಗಲ್ಲ.

ಮೂರನೆಯದು ಬೋಲ್ ಹೇಳಿದ ಆಟ. ನಮ್ಮ ಹಾಸ್ಟೆಲಿನ ಹುಡುಗಿಯರ ಜೊತೆ ಒಂದು ಸೀನು ಮಾಡಿಸಿದ್ವಿ. ಸ್ಕಾಲರ್‌ಶಿಪ್ ಬಂದಿಲ್ಲ, ಹುಡುಗಿ ಆಫೀಸಿಗೆ ಹೋಗಿದ್ದಾಳೆ, ಗುಮಾಸ್ತ ಫೈಲ್ ಮೇಲಿಂದ ತಲೇನೇ ಎತ್ತಲ್ಲ. 'ಕಮ್ ಟುಮಾರೋ' ಅಂತಾನೆ. ಹುಡುಗಿ 'ಓಕೆ ಸರ್' ಅಂತ ವಾಪಸ್ ಬರ್ತಾಳೆ. ಎರಡನೇ ಸಲ ಅದೇ ಸೀನು ಆಡುವಾಗ ನೋಡ್ತಿದ್ದ ಒಬ್ಬಳು 'ಸ್ಟಾಪ್' ಅಂತ ಎದ್ದು ಬಂದು ಆ ಜಾಗದಲ್ಲಿ ನಿಂತಳು. 'ಸರ್, ಐ ಅಪ್ಲೈಡ್ ಇನ್ ಜೂನ್. ವೈ ಈಸ್ ಇಟ್ ಪೆಂಡಿಂಗ್?' ಗುಮಾಸ್ತ ಮತ್ತೆ 'ಟುಮಾರೋ' ಅಂದ. ಆಗ ಇನ್ನೊಬ್ಬಳು 'ಸ್ಟಾಪ್' ಅಂದಳು. ಅವಳು ಒಬ್ಬಳೇ ಬರಲಿಲ್ಲ, ಪಕ್ಕದವಳ ಕೈ ಹಿಡ್ಕೊಂಡು ಬಂದಳು. 'ವೀ ಆರ್ ಟೂ. ವೀ ವಿಲ್ ವೇಟ್ ಹಿಯರ್. ಪ್ಲೀಸ್ ಗಿವ್ ಅಸ್ ಇನ್ ರೈಟಿಂಗ್.'

ನೋಡಿ, ಏಕವಚನ ಬಹುವಚನ ಅಂತ ಎಷ್ಟು ವರ್ಷ ಕಲಿಸಿದ್ದಾರೆ. 'ಐ' ಹೋಗಿ 'ವೀ' ಆದಾಗ ಏನಾಗುತ್ತೆ ಅಂತ ಆ ಹುಡುಗಿಯರಿಗೆ ಆವತ್ತು ಅರ್ಥ ಆಯ್ತು. ಸಂಘಟನೆ ಅನ್ನೋ ಪದವನ್ನ ಯಾರೂ ಬಾಯಿ ಬಿಟ್ಟು ಹೇಳಲೇ ಇಲ್ಲ.

ಇಲ್ಲಿಗೆ ನಾನು ಹೇಳಬೇಕು ಅಂತಿರೋ ಮುಖ್ಯ ಮಾತಿಗೆ ಬಂದೆ. ನಮ್ಮ ಮಕ್ಕಳಿಗೆ ಕೊಡ್ತಿರೋ ಇಂಗ್ಲಿಷಿನಲ್ಲಿ ವಿಧೇಯತೆ ಇದೆ. 'ಯೆಸ್ ಸರ್', 'ಸಾರಿ ಸರ್', 'ಮೇ ಐ ಕಮ್ ಇನ್ ಸರ್'. ಈ ಇಂಗ್ಲಿಷ್ ಕಲಿತವರು ಮಾಲ್ ಬಾಗಿಲಲ್ಲಿ ಸೆಲ್ಯೂಟ್ ಹೊಡೆಯೋ ಕೆಲಸಕ್ಕೆ ಸಾಕಾಗ್ತಾರೆ. ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿನಲ್ಲಿ ಆಡಿದ ಇಂಗ್ಲಿಷ್ ಬೇರೆ. ಅದು ಪ್ರಶ್ನೆ ಕೇಳೋ, ಲೆಕ್ಕ ಕೇಳೋ, ಪಾಲು ಕೇಳೋ ಇಂಗ್ಲಿಷ್. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು 1936ರಲ್ಲಿ ಕರೆದು, ಆಮೇಲೆ ಭಾಷಣ ಬೇಡ ಅಂದಾಗ, ಅದನ್ನೇ ತಮ್ಮ ದುಡ್ಡಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ ಇಂಗ್ಲಿಷ್. ಅದೇ ಬಾಬಾಸಾಹೇಬರು 1920ರಲ್ಲಿ ಮರಾಠಿಯಲ್ಲಿ ಪತ್ರಿಕೆ ತಂದಾಗ ಇಟ್ಟ ಹೆಸರು 'ಮೂಕನಾಯಕ'. ಮಾತಿಲ್ಲದವರ ಮಾತು ಅವರಿಗೆ ಎರಡೂ ಭಾಷೇಲಿ ಬೇಕಿತ್ತು. ಅಧಿಕಾರದ ಎದುರು ನಿಂತು ಮಾತಾಡೋ ಧೈರ್ಯಕ್ಕೂ ಪ್ರಾಕ್ಟೀಸು ಬೇಕು. ಆ ಪ್ರಾಕ್ಟೀಸಿಗೆ ಇರೋ ಜಾಗವೇ ನಾಟಕ.

ಆದ್ರೆ ಎಚ್ಚರಿಕೆಯ ಮಾತೂ ಇದೆ. ನಾಟಕ ತಂದ ಮಾತ್ರಕ್ಕೆ ಜಾತಿ ಬಾಗಿಲಾಚೆ ನಿಲ್ಲಲ್ಲ. ಅದೂ ಪಾರ್ಟು ಹಾಕ್ಕೊಂಡೇ ಒಳಗೆ ಬರುತ್ತೆ. ಬೆಳ್ಳಗಿರೋನು ರಾಜ, ಕಪ್ಪಗಿರೋನು ಸೇವಕ. ಮೇಲ್ಜಾತಿ ಹುಡುಗಿ ಡಾಕ್ಟರು, ನಮ್ಮ ಹುಡುಗಿ ಆಯಾ. ಕಸ ಗುಡಿಸೋ ಪಾತ್ರಕ್ಕೆ 'ನೀನೇ ಸರಿಯಾಗಿ ಮಾಡ್ತೀಯ ಬಾ' ಅಂತ ಕರೆಯೋರು ಇದ್ದಾರೆ. ಹಳ್ಳಿ ಭಾಷೆ ಆಡೋ ಪಾತ್ರ ಅಂದ್ರೆ ನಗಿಸೋಕೇ ಇರೋದು ಅಂದ್ಕೊಂಡಿದ್ದಾರೆ. ಇಂಥ ನಾಟಕ ಆಡಿಸೋದಕ್ಕಿಂತ ಗ್ರಾಮರ್ ನೋಟ್ಸೇ ವಾಸಿ, ಅದು ಅವಮಾನನಾದ್ರೂ ಮಾಡಲ್ಲ.

ಅದಕ್ಕೇ ನನ್ನದು ಒಂದೇ ನಿಯಮ: ಪಾರ್ಟು ಚೀಟಿ ಎತ್ತಿ ಹಂಚಿ, ಪ್ರತಿ ಸಲ ಬದಲಾಯಿಸಿ. ಇವತ್ತು ಕಲೆಕ್ಟರ್ ಆದೋಳು ನಾಳೆ ಅರ್ಜಿ ಹಿಡ್ಕೊಂಡು ನಿಲ್ಲಲಿ. ಗೌಡರ ಮಗ ಒಂದಿನ ಆಫೀಸಿನ ಹೊರಗೆ ಕಾಯೋನ ಪಾತ್ರ ಮಾಡಲಿ. ಅವನೂ ಇಂಗ್ಲಿಷ್ ಕಲೀತಾನೆ, ಜೊತೆಗೆ ಇನ್ನೂ ಏನೋ ಕಲೀತಾನೆ.

ಇನ್ನೂ ಒಂದು ಎಚ್ಚರ. 'ನಿನ್ನ ಜೀವನದಲ್ಲಿ ನಡೆದ ಜಾತಿ ಅವಮಾನವನ್ನ ಅಭಿನಯಿಸು' ಅಂತ ಯಾವ ಮಗುವಿಗೂ ಹೇಳಬೇಡಿ. 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ನೆನಪಿರುತ್ತೆ. ಒಂಬತ್ತು ವರ್ಷದ ಭೀಮರಾವ್ ಅಪ್ಪನ ಊರಿಗೆ ಗಾಡೀಲಿ ಹೋಗ್ತಾ ಬಾಯಾರಿ, ಸುಂಕದ ಕಟ್ಟೆಯವನ ಹತ್ರ ತಾನು ಮುಸಲ್ಮಾನ ಅಂತ ಹೇಳಿ, ಉರ್ದುವಿನಲ್ಲಿ ನೀರು ಕೇಳ್ತಾರೆ. ಆದರೂ ನೀರು ಸಿಗಲ್ಲ. ಪಾತ್ರ ಹಾಕೋದು, ಬೇರೆ ಭಾಷೆ ಆಡೋದು ನಮ್ಮ ಮಕ್ಕಳಿಗೆ ಹೊಸದಲ್ಲ ಕಣ್ರಿ. ಮನೆ ಬಾಡಿಗೆಗೆ ಕೇಳೋಕೆ ಹೋದಾಗ ಇವತ್ತಿಗೂ ನಾವು ಆಡ್ತಿರೋದು ಅದೇ ನಾಟಕ. ಬದುಕಿನಲ್ಲಿ ಬಲವಂತಕ್ಕೆ ಹಾಕಿದ ವೇಷವನ್ನ ಕ್ಲಾಸಲ್ಲಿ ಮತ್ತೆ ಬಲವಂತಕ್ಕೆ ಹಾಕಿಸೋದು ಬೇಡ. ಕಲ್ಪನೆಯ ಕಥೆ ಕೊಡಿ. ತನ್ನದನ್ನ ಹೇಳಬೇಕು ಅನ್ನಿಸಿದಾಗ ಮಗು ತಾನಾಗೇ ಹೇಳುತ್ತೆ, ತನಗೆ ಬೇಕಾದ ಭಾಷೇಲಿ.

ಈಗ ತಕರಾರುಗಳು.

'ಸಿಲಬಸ್ ಮುಗಿಯಲ್ಲ ಸಾರ್, ಮಾತಾಡೋದಕ್ಕೆ ಮಾರ್ಕ್ಸ್ ಎಲ್ಲಿದೆ?' ಅಂತಾರೆ ಮೇಷ್ಟ್ರುಗಳು. ಅವರ ಕಷ್ಟ ನಿಜ. ರಿಸಲ್ಟ್ ಕಮ್ಮಿ ಆದ್ರೆ ನೋಟಿಸ್ ಬರೋದು ಅವರಿಗೇ. ಆದ್ರೆ ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷೆಗೆ 80 ಅಂಕ ಲಿಖಿತ, 20 ಅಂಕ ಆಂತರಿಕ ಮೌಲ್ಯಮಾಪನ. ಆ 20 ಅಂಕವನ್ನ ಎಲ್ಲರಿಗೂ ಕೈತುಂಬ ಹಂಚೋ ಬದಲು ಅದರಲ್ಲಿ ಒಂದು ಪಾಲನ್ನ ಇಂಥ ಚಟುವಟಿಕೆಗೆ ಇಟ್ಟರೆ ಆಗಲ್ವಾ? ವಾರಕ್ಕೆ ಒಂದೇ ಪೀರಿಯಡ್ಡು ಸಾಕು. ಹಡಗಿನ ಸೀನು ಆಡಿದ ಮಗು ಪರೀಕ್ಷೇಲಿ ಆ ಪಾಠದ ಪ್ರಶ್ನೆಗೆ ಗೈಡ್ ನೋಡದೆ ಬರೆಯುತ್ತೆ.

'ನಮಗೇ ಇಂಗ್ಲಿಷ್ ಬರಲ್ಲ' ಅಂತ ಗುಟ್ಟಾಗಿ ಹೇಳೋ ಟೀಚರುಗಳೂ ಇದ್ದಾರೆ. ನಾಚಿಕೆ ಪಡಬೇಕಾದ್ದು ಅವರಲ್ಲ. ಎಲ್ಲಾ ವಿಷಯ ಮಾಡೋ ಒಬ್ಬ ಟೀಚರ್ ತಲೆ ಮೇಲೆ ಇಂಗ್ಲಿಷನ್ನೂ ಹೊರಿಸಿ, ಸರಿಯಾದ ತರಬೇತಿ ಕೊಡದ ಸರ್ಕಾರ ನಾಚಬೇಕು. ಈ ಟೀಚರುಗಳಿಗೆ ನಾಟಕದಿಂದ ಅನುಕೂಲವೇ ಜಾಸ್ತಿ. ಹೀತ್‌ಕೋಟ್ ಹೇಳಿದಂಗೆ ಏನೂ ಗೊತ್ತಿಲ್ಲದವರ ಪಾತ್ರ ಹಾಕಿ ಮಕ್ಕಳ ಜೊತೆಗೇ ಕಲಿಯಬಹುದು. ಸೀನು ಹೇಗಿರಬೇಕು ಅಂತ ಕನ್ನಡದಲ್ಲೋ, ತೆಲುಗಲ್ಲೋ, ಉರ್ದುವಲ್ಲೋ, ಲಂಬಾಣಿಯಲ್ಲೋ ಮಕ್ಕಳು ಚರ್ಚೆ ಮಾಡ್ಕೊಳ್ಳಲಿ, ಆಡುವಾಗ ಇಂಗ್ಲಿಷ್ ಇರಲಿ. ಮಧ್ಯೆ ಪದ ಸಿಗದಿದ್ರೆ ಕನ್ನಡ ಪದ ಹಾಕಿ ಮುಂದೆ ಹೋಗಲಿ. ನಮ್ಮ ಮನೆಮಾತನ್ನ ಹೊರಗೆ ಚಪ್ಪಲಿ ಬಿಟ್ಟಂಗೆ ಬಿಟ್ಟು ಇಂಗ್ಲಿಷ್ ಕ್ಲಾಸಿಗೆ ಬರಬೇಕಾಗಿಲ್ಲ.

'ಇದರಿಂದ ಕನ್ನಡ ಹಾಳಾಗುತ್ತೆ' ಅನ್ನೋರಿಗೆ ಹೆಚ್ಚು ಹೇಳಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ಎಷ್ಟು ಗಲಾಟೆ ಮಾಡಿ ಅವರ ಕುರ್ಚಿ ಕಿತ್ತುಕೊಂಡ್ರಿ ಅಂತ ನಮಗೆ ನೆನಪಿದೆ. ನಿಮ್ಮ ಮಕ್ಕಳು ಓದ್ತಿರೋ ಶಾಲೆ ಯಾವುದು ಅಂತ ಹೇಳಿ, ಆಮೇಲೆ ಚರ್ಚೆ ಮಾಡೋಣ.

ನಮ್ಮೊಳಗಿನ ಒಂದು ಮಾತಿಗೂ ಉತ್ತರ ಕೊಡಬೇಕು. 'ಇಂಗ್ಲಿಷ್ ಮೀಡಿಯಂ ಕೇಳೋಣ, ಕಂಪ್ಯೂಟರ್ ಲ್ಯಾಬ್ ಕೇಳೋಣ, ನಾಟಕ ಗೀಟಕ ಆಮೇಲೆ' ಅಂತ ನಮ್ಮ ಸಂಗಾತಿಗಳೇ ಅಂತಾರೆ. ಮೀಡಿಯಂ ಕೇಳೋಣ, ಲ್ಯಾಬೂ ಕೇಳೋಣ, ಅದು ನಮ್ಮ ಹಕ್ಕು. ಆದ್ರೆ ಶಾಲೆಯ ಬೋರ್ಡ್ ಬದಲಾದ ಕೂಡಲೇ ಮಗುವಿನ ನಾಲಿಗೆ ಬದಲಾಗಲ್ಲ. ಹತ್ತು ಲಕ್ಷದ ಲ್ಯಾಬ್ ಬೀಗ ಹಾಕ್ಕೊಂಡು ಕೂತಿರೋದನ್ನ ನೋಡಿದ್ದೀವಿ. ಎದುರುಬದುರು ನಿಂತು ಮಾತಾಡೋಕೆ ಟೆಂಡರ್ ಕರೀಬೇಕಾಗಿಲ್ಲ.

ಹಾಗಾಗಿ ಸರ್ಕಾರದ ಮುಂದೆ ನಾವು ಇಡಬೇಕಾದ ಬೇಡಿಕೆ ಇಷ್ಟು. ಸರ್ಕಾರಿ ಪ್ರೌಢಶಾಲೆಗಳ ಟೈಮ್‌ಟೇಬಲಿನಲ್ಲಿ ವಾರಕ್ಕೊಂದು ಇಂಗ್ಲಿಷ್ ಪೀರಿಯಡ್ಡು ನಾಟಕ ಚಟುವಟಿಕೆಗೆ ಮೀಸಲಿಡಿ. ರಂಗಶಿಕ್ಷಣ ಪಡೆದ ಹುಡುಗ ಹುಡುಗಿಯರು ರಾಜ್ಯದ ತುಂಬ ಕೆಲಸವಿಲ್ಲದೆ ಕೂತಿದ್ದಾರೆ, ಅವರನ್ನ ಶಾಲೆಗಳಿಗೆ ತಗೊಳ್ಳಿ. ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇದನ್ನ ಸೇರಿಸಿ. ಅತಿಥಿ ಶಿಕ್ಷಕರಿಗೆ ತಿಂಗಳು ತಿಂಗಳು ಸಂಬಳ ಕೊಡಿ, ಹೊಟ್ಟೆ ಹಸಿದವರ ಹತ್ರ ಹೊಸ ಪದ್ಧತಿ ಕೇಳಬೇಡಿ. ಮತ್ತೆ ಹಾಸ್ಟೆಲುಗಳನ್ನ ಬಿಡಬೇಡಿ. ನಮ್ಮ ಮಕ್ಕಳು ಸಂಜೆ ಐದರಿಂದ ಏಳರವರೆಗೆ ಇರೋದು ಅಲ್ಲೇ.

ಸರ್ಕಾರ ಮಾಡೋವರೆಗೂ ನಾವು ಕೈ ಕಟ್ಟಿ ಕೂರೋದು ಬೇಡ. ಜನವರಿ 3 ಸಾವಿತ್ರಿಬಾಯಿ ಜಯಂತಿ, ಏಪ್ರಿಲ್ 14 ಬಾಬಾಸಾಹೇಬರ ಜಯಂತಿ. ಎರಡೂ ದಿನ ನಾವು ಏನು ಮಾಡ್ತೀವಿ? ವೇದಿಕೆ ಮೇಲೆ ಹನ್ನೆರಡು ಜನ ದೊಡ್ಡವರು, ಒಬ್ಬೊಬ್ಬರದ್ದೂ ಅರ್ಧ ಗಂಟೆ ಭಾಷಣ, ಕೆಳಗೆ ಬಿಸಿಲಲ್ಲಿ ಕೂತ ಮಕ್ಕಳು. ಮೂಕನಾಯಕನ ಹೆಸರಲ್ಲಿ ಮಕ್ಕಳನ್ನ ಮೂಕರನ್ನಾಗಿ ಕೂರಿಸೋ ಕಾರ್ಯಕ್ರಮ ಸಾಕು. ಮುಂದಿನ ಸಲ ಹತ್ತು ಭಾಷಣ ಕಡಿಮೆ ಮಾಡಿ. ಆ ಹೊತ್ತಲ್ಲಿ ನಿಮ್ಮ ಕೇರಿಯ ಮಕ್ಕಳು ಕುರ್ಚಿ ಇಟ್ಟು ಬಾಬಾಸಾಹೇಬರನ್ನ ಇಂಗ್ಲಿಷಲ್ಲಿ ಪ್ರಶ್ನೆ ಕೇಳಲಿ, ಕನ್ನಡದಲ್ಲೂ ಕೇಳಲಿ. ತಪ್ಪು ಮಾತಾಡಲಿ, ಯಾರೂ ನಗಬೇಡಿ.

ನಿಮ್ಮೂರಿನಲ್ಲಿ ಇಂಥದ್ದನ್ನ ಈಗಾಗಲೇ ಮಾಡ್ತಿರೋ ಮೇಷ್ಟ್ರು, ಟೀಚರಮ್ಮ, ಹುಡುಗರ ತಂಡ ಇದ್ರೆ ಕಾಮೆಂಟಲ್ಲಿ ಬರೀರಿ, ಒಬ್ಬರಿಗೊಬ್ಬರು ಸೀನುಗಳನ್ನ ಹಂಚಿಕೊಳ್ಳೋಣ. ಈ ಪೋಸ್ಟನ್ನ ನಿಮ್ಮ ಶಾಲೆಯ ಎಸ್‌ಡಿಎಂಸಿ ಗ್ರೂಪಿಗೂ ಹಾಕಿ. ಭಾನುವಾರ ಎರಡು ಗಂಟೆ ಕೊಡೋಕೆ ತಯಾರಿರೋರು ಹತ್ತಿರದ ಹಾಸ್ಟೆಲಿಗೆ ಹೋಗಿ ವಾರ್ಡನ್ ಜೊತೆ ಮಾತಾಡಿ. ಬೇಕಾಗಿರೋದು ಒಂದು ಕುರ್ಚಿ, ಚೀಟಿ ಮಾಡೋಕೆ ಒಂದು ಹಾಳೆ, ಬೆಂಚು ಸರಿಸೋಕೆ ನಾಲ್ಕು ಕೈ.

ಜೈಭೀಮ್.